ಮಿಂಚುಹುಳದ ಕಿಣ್ವಕ್ಕೆ ಕೋತಿಯ ಮೂತ್ರಪಿಂಡದಲ್ಲಿ ಸಿಕ್ಕ ಮನೆ

ಜೀವಕೋಶದಲ್ಲಿ ತಯಾರಾಗುವ ಕಿಣ್ವಗಳು ತಾವು ಸೇರಬೇಕಾದ ಜಾಗದ ವಿಳಾಸವನ್ನು ತಾವೇ ಹೊತ್ತಿರುತ್ತವೆ. ಆ ವಿಳಾಸ ತಪ್ಪಿದರೆ ಎಳೆಯ ಮಕ್ಕಳ ಮೂತ್ರಪಿಂಡವೇ ಕೈಕೊಡಬಹುದು. ಹುಳವೊಂದರ ಬೆಳಕಿನ ಬೆನ್ನು ಹತ್ತಿದ ವಿಜ್ಞಾನಿಗಳಿಗೆ ಈ ವಿಳಾಸದ ಗುಟ್ಟು ಸಿಕ್ಕಿದ್ದು ಹೇಗೆ?

ಮುಂಗಾರಿಗೆ ಮುನ್ನ ಒಂದೆರಡು ಮಳೆ ಬಿದ್ದಿತೆಂದರೆ ಮಲೆನಾಡಿನ ಮರಗಳಲ್ಲಿ ಮಿಂಚುಹುಳಗಳ ಜಾತ್ರೆ ನೆರೆಯುತ್ತದೆ. ಒಂದನ್ನು ಹಿಡಿದು ಗಾಜಿನ ಬಾಟಲಿಯೊಳಗೆ ಬಿಟ್ಟು, ‘ಇದಕ್ಕೆ ಬೆಳಕು ಎಲ್ಲಿಂದ ಬರುತ್ತೆ?’ ಎಂದು ಕೇಳದ ಮಕ್ಕಳು ಕಡಿಮೆ. ಹುಳದ ಹೊಟ್ಟೆಯ ತುದಿಯಲ್ಲಿ ಲೂಸಿಫೆರಿನ್ ಎಂಬ ರಾಸಾಯನಿಕವಿದೆ. ಲೂಸಿಫರೇಸ್ ಎಂಬ ಕಿಣ್ವ ಅದನ್ನು ಆಮ್ಲಜನಕದೊಂದಿಗೆ ಬೆರೆಸುತ್ತದೆ. ಆಗ ಬೆಳಕು ಹೊಮ್ಮುತ್ತದೆ. ಇಷ್ಟನ್ನು ಶಾಲೆಯ ಮೇಷ್ಟರು ಹೇಳಿಯಾರು.

ಆದರೆ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಜೀವಕೋಶವೆಂಬ ಪುಟ್ಟ ಚೀಲದೊಳಗೆ ಆ ಕಿಣ್ವ ಯಾವ ಮೂಲೆಯಲ್ಲಿ ಕೂತಿರುತ್ತದೆ? ಎಲ್ಲಿದ್ದರೇನು, ಬೆಳಕು ಬಂದರೆ ಸಾಲದೆ ಎನ್ನಬಹುದು. ಸಾಲದು. ಈ ಪ್ರಶ್ನೆಗೆ 1987ರಲ್ಲಿ ಸಿಕ್ಕ ಉತ್ತರ ಜೀವವಿಜ್ಞಾನದ ದೊಡ್ಡದೊಂದು ಗಂಟನ್ನು ಬಿಡಿಸಿತು. ಅದು ಸಿಕ್ಕಿದ್ದು ಮಾತ್ರ ಹುಳದ ಹೊಟ್ಟೆಗಿಂತ ಮೊದಲು ಕೋತಿಯ ಮೂತ್ರಪಿಂಡದಿಂದ ಬಂದ ಜೀವಕೋಶಗಳಲ್ಲಿ!

ಕೋಣೆಗಳ ಮನೆ

ಜೀವಕೋಶವೆಂದರೆ ಒಳಗೆ ಗೋಡೆಗಳೇ ಇಲ್ಲದ ಬಯಲಲ್ಲ. ಅದು ಕೋಣೆಗಳಿರುವ ಮನೆ. ವಂಶವಾಹಿಗಳನ್ನು ಜೋಪಾನ ಮಾಡುವ ಕೋಣೆ ಕೋಶಕೇಂದ್ರ. ಆಹಾರವನ್ನು ಉರಿಸಿ ಶಕ್ತಿ ಪಡೆಯುವ ಕೋಣೆ ಮೈಟೊಕಾಂಡ್ರಿಯ. ಕಸವನ್ನು ಅರಗಿಸುವ ಕೋಣೆ ಲೈಸೋಸೋಮ್. ಉಳಿದ ಜಾಗವನ್ನೆಲ್ಲ ತುಂಬಿರುವ ಲೋಳೆಯಂಥ ದ್ರವವನ್ನು ಕೋಶರಸ ಎನ್ನುತ್ತಾರೆ. ಅದನ್ನು ಮನೆಯ ನಡುಮನೆ ಎಂದುಕೊಳ್ಳಿ. ಅಡುಗೆಮನೆಯ ಕೆಲಸ ಅಡುಗೆಮನೆಯಲ್ಲಿ, ಬಚ್ಚಲ ಕೆಲಸ ಬಚ್ಚಲಲ್ಲಿ ನಡೆದರಷ್ಟೇ ಸಂಸಾರ ಸಾಗುವುದು.

ಈ ಮನೆಯಲ್ಲಿ ಬಹುಕಾಲ ಯಾರ ಕಣ್ಣಿಗೂ ಬೀಳದ ಚಿಕ್ಕ ಕೋಣೆಯೊಂದಿತ್ತು. ಸ್ವೀಡನ್ನಿನ ಯೊಹಾನೆಸ್ ರೋಡಿನ್ ಎಂಬ ಸಂಶೋಧನಾ ವಿದ್ಯಾರ್ಥಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಲಿಯ ಮೂತ್ರಪಿಂಡದ ಕೋಶಗಳನ್ನು ನೋಡುತ್ತಿದ್ದಾಗ ದುಂಡನೆಯ ಪುಟ್ಟ ಚೀಲಗಳು ಕಂಡವು. ಅವು ಏನು ಮಾಡುತ್ತವೆಂದು ತಿಳಿಯಲಿಲ್ಲ. 1954ರ ತಮ್ಮ ಪ್ರಬಂಧದಲ್ಲಿ ಅವುಗಳನ್ನು ‘ಸೂಕ್ಷ್ಮಕಾಯ’ಗಳೆಂದಷ್ಟೇ ಕರೆದು ಸುಮ್ಮನಾದರು. ಅವುಗಳ ಕೆಲಸವನ್ನು ಪತ್ತೆ ಹಚ್ಚಿದ್ದು ಬೆಲ್ಜಿಯಂನ ಕ್ರಿಶ್ಚಿಯನ್ ಡ ಡೂವ್. 1960ರ ದಶಕದಲ್ಲಿ ಅವರು ಈ ಚೀಲಗಳಿಗೆ ಪೆರಾಕ್ಸಿಸೋಮ್ ಎಂದು ಹೆಸರಿಟ್ಟರು. ಜೀವಕೋಶದ ಒಳರಚನೆಯನ್ನು ಕುರಿತ ಸಂಶೋಧನೆಗಳಿಗಾಗಿ 1974ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ದೊರೆಯಿತು.

ಪೆರಾಕ್ಸಿಸೋಮಿನೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದು ಕೋಶಕ್ಕೆ ವಿಷ. ಅಲ್ಲೇ ಇರುವ ಕ್ಯಾಟಲೇಸ್ ಎಂಬ ಕಿಣ್ವ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುರುಬುರು ನೊರೆ ಏಳುವುದು ಇದೇ ಕ್ಯಾಟಲೇಸಿನಿಂದ. ನಮ್ಮ ದೇಹದಲ್ಲಿ ಪೆರಾಕ್ಸಿಸೋಮುಗಳು ಹೇರಳವಾಗಿರುವುದು ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ.

ಒಂದು ಸಂಗತಿ ಮಾತ್ರ ಒಗಟಾಗಿಯೇ ಉಳಿದಿತ್ತು. ಪೆರಾಕ್ಸಿಸೋಮಿಗೆ ಸ್ವಂತ ವಂಶವಾಹಿಗಳಿಲ್ಲ, ಕಿಣ್ವಗಳನ್ನು ತಯಾರಿಸುವ ಸಲಕರಣೆಯೂ ಇಲ್ಲ. ಅದರ ಕಿಣ್ವಗಳೆಲ್ಲ ನಡುಮನೆಯಲ್ಲೇ, ಅಂದರೆ ಕೋಶರಸದಲ್ಲಿ ತಯಾರಾಗುತ್ತವೆ. ಸಾವಿರಾರು ಬಗೆಯ ಪ್ರೋಟೀನುಗಳು ಕಿಕ್ಕಿರಿದ ಆ ಜಾಗದಲ್ಲಿ ‘ನಾನು ಹೋಗಬೇಕಾದದ್ದು ಆ ಚಿಕ್ಕ ಕೋಣೆಗೆ’ ಎಂದು ಕಿಣ್ವವೊಂದಕ್ಕೆ ಹೇಗೆ ತಿಳಿಯುತ್ತದೆ?

ಸ್ಯಾನ್ ಡಿಯಾಗೊದ ಪ್ರಯೋಗ

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಲೀನ್ ಡಿಲೂಕಾ ಎಂಬ ವಿಜ್ಞಾನಿ ಮಿಂಚುಹುಳದ ಬೆಳಕಿನ ರಸಾಯನವನ್ನು ಅಭ್ಯಾಸ ಮಾಡುತ್ತಿದ್ದರು. ಲೂಸಿಫರೇಸ್ ತಯಾರಿಕೆಯ ಸೂಚನೆಯಿರುವ ಡಿಎನ್ಎ ತುಣುಕನ್ನು 1985ರಲ್ಲಿ ಅವರು ಮತ್ತು ಅವರ ಸಹೋದ್ಯೋಗಿಗಳು ಬೇರ್ಪಡಿಸಿದರು. ಮರುವರ್ಷ ಅದನ್ನು ತಂಬಾಕಿನ ಗಿಡಕ್ಕೆ ಸೇರಿಸಿ, ಕತ್ತಲಲ್ಲಿ ಮಿನುಗುವ ಗಿಡವನ್ನು ಬೆಳೆಸಿದಾಗ ಜಗತ್ತೇ ಬೆರಗಾಯಿತು.

ಅದೇ ವಿಶ್ವವಿದ್ಯಾಲಯದಲ್ಲಿದ್ದವರು ಸುರೇಶ್ ಸುಬ್ರಮಣಿ. ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದ ಭಾರತೀಯರು. ಬೆಂಗಳೂರಿನಲ್ಲಿ ನೆಲೆಗೊಂಡ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿ ಎಂಬ ಸಂಸ್ಥೆಯನ್ನು ಕಟ್ಟುವುದರಲ್ಲಿ ಮುಂದೆ ಮುಖ್ಯ ಪಾತ್ರ ವಹಿಸಿದವರೂ ಇವರೇ. ಸುಬ್ರಮಣಿ, ಕೆಲ್ಲರ್, ಗೌಲ್ಡ್ ಮತ್ತು ಡಿಲೂಕಾ ಒಟ್ಟುಗೂಡಿ ಹುಳದ ಆ ತುಣುಕನ್ನು ಕೋತಿಯ ಕೋಶಕ್ಕೆ ಸೇರಿಸಿದರು.

ಕೋತಿಯೇ ಏಕೆ, ಅದರಲ್ಲೂ ಮೂತ್ರಪಿಂಡವೇ ಏಕೆ? ಆಫ್ರಿಕದ ಹಸಿರು ಕೋತಿಯೊಂದರ ಮೂತ್ರಪಿಂಡದಿಂದ 1960ರ ದಶಕದಲ್ಲಿ ತೆಗೆದ ಜೀವಕೋಶಗಳ ಒಂದು ತಳಿ ಪ್ರಯೋಗಶಾಲೆಗಳಲ್ಲಿ ಇಂದಿಗೂ ಬೆಳೆಯುತ್ತಲೇ ಇದೆ. ಅದರ ಹೆಸರು ಸಿವಿ-1. ಈ ಕೋಶಗಳನ್ನು ಸಾಕುವುದು ಸುಲಭ. ಗಾಜಿನ ಮೇಲೆ ದೋಸೆಯಂತೆ ಚಪ್ಪಟೆಯಾಗಿ ಹರಡಿಕೊಳ್ಳುವುದರಿಂದ ಒಳಗಿನ ಕೋಣೆಗಳು ಸೂಕ್ಷ್ಮದರ್ಶಕಕ್ಕೆ ಚೆನ್ನಾಗಿ ಕಾಣುತ್ತವೆ. ಹೊರಗಿನ ಡಿಎನ್ಎಯನ್ನೂ ಇವು ಒಪ್ಪಿಕೊಳ್ಳುತ್ತವೆ.

ಇಂಥ ಪ್ರಯೋಗದಲ್ಲಿ ಬೇಕಾದ ವಂಶವಾಹಿಯ ಮುಂದೆ ಪ್ರಬಲವಾದ ಚಾಲಕ ತುಣುಕೊಂದನ್ನು ಜೋಡಿಸುತ್ತಾರೆ. ಅನೇಕ ವೇಳೆ ಅದು ವೈರಸ್ಸಿನಿಂದ ಎರವಲು ತಂದದ್ದು. ಆಗ ಕೋಶವು ಆ ಕಿಣ್ವವನ್ನು ಎಡೆಬಿಡದೆ, ಬೇಕಾದ್ದಕ್ಕಿಂತ ಹೆಚ್ಚಾಗಿ ತಯಾರಿಸತೊಡಗುತ್ತದೆ. ಹೆಚ್ಚು ಇದ್ದಷ್ಟೂ ನೋಡುವುದು ಸುಲಭ.

ಕೋತಿಯ ಕೋಶಕ್ಕೆ ಮಿಂಚುಹುಳದ ಪರಿಚಯವೇ ಇಲ್ಲ. ಹಾಗಾಗಿ ಅಪರಿಚಿತ ಕಿಣ್ವ ಎಲ್ಲಿಗೂ ಹೋಗಲು ತಿಳಿಯದೆ ನಡುಮನೆಯಲ್ಲೇ ಹರಡಿಕೊಂಡಿರಬೇಕಿತ್ತು. ಲೂಸಿಫರೇಸಿಗೆ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಹಚ್ಚಿ ನೋಡಿದಾಗ ಕಂಡದ್ದು ಬೇರೆಯೇ. ಬಣ್ಣ ಇಡೀ ಕೋಶದಲ್ಲಿ ಹರಡಿರಲಿಲ್ಲ. ರಾತ್ರಿಯ ಆಕಾಶದಂತೆ ಚುಕ್ಕೆ ಚುಕ್ಕೆಯಾಗಿತ್ತು.

ಈ ಚುಕ್ಕೆಗಳು ಯಾವ ಕೋಣೆಗಳು? ಅದನ್ನು ತಿಳಿಯಲು ಅವರು ಕ್ಯಾಟಲೇಸಿಗೆ ಅಂಟುವ ಇನ್ನೊಂದು ಪ್ರತಿಕಾಯವನ್ನೂ ಅದೇ ಕೋಶಕ್ಕೆ ಹಾಕಿದರು. ಲೂಸಿಫರೇಸಿನ ಚುಕ್ಕೆಗಳೂ ಕ್ಯಾಟಲೇಸಿನ ಚುಕ್ಕೆಗಳೂ ಒಂದರ ಮೇಲೊಂದು ಸರಿಯಾಗಿ ಕೂತವು. ಹುಳದ ಕಿಣ್ವ ಸೇರಿದ್ದು ಪೆರಾಕ್ಸಿಸೋಮನ್ನು! ಹುಳದ ಬೆಳಕಿನ ಅಂಗದಲ್ಲೂ ಹುಡುಕಿದಾಗ ಲೂಸಿಫರೇಸ್ ಸಿಕ್ಕಿದ್ದು ಪೆರಾಕ್ಸಿಸೋಮಿನೊಳಗೇ.

ಅಂದರೆ ದಾರಿಯನ್ನು ಹೇಳಿಕೊಟ್ಟದ್ದು ಕೋತಿಯಲ್ಲ. ಕಿಣ್ವ ತನ್ನ ವಿಳಾಸವನ್ನು ತನ್ನ ಮೈಯಲ್ಲೇ ಬರೆದುಕೊಂಡು ಬಂದಿತ್ತು. ಕೋತಿಯ ಕೋಶಕ್ಕೆ ಆ ಬರಹವನ್ನು ಓದಲು ಬರುತ್ತಿತ್ತು, ಅಷ್ಟೆ.

ಕೊನೆಯ ಮೂರು ಅಕ್ಷರ

ಎಲ್ಲಿದೆ ಆ ಬರಹ? ಲೂಸಿಫರೇಸ್ 550 ಅಮೈನೋ ಆಮ್ಲಗಳನ್ನು ಮಣಿಯಂತೆ ಪೋಣಿಸಿದ ಸರ. ವಿಜ್ಞಾನಿಗಳು ಸರವನ್ನು ಅಲ್ಲಲ್ಲಿ ಕತ್ತರಿಸಿ ನೋಡಿದರು. ಬಾಲದ ತುದಿಯನ್ನು ಕತ್ತರಿಸಿದಾಗ ಚುಕ್ಕೆಗಳು ಮಾಯವಾಗಿ ಕಿಣ್ವ ನಡುಮನೆಯಲ್ಲೇ ಉಳಿಯಿತು. ವಿಳಾಸ ಬಾಲದಲ್ಲಿದೆ ಎಂದಾಯಿತು.

ಇಷ್ಟಕ್ಕೇ ಅವರು ನಿಲ್ಲಲಿಲ್ಲ. ಬಾಲ ಕತ್ತರಿಸಿದಾಗ ಕಿಣ್ವವೇ ಕೆಟ್ಟುಹೋಗಿ ದಾರಿ ತಪ್ಪಿರಲೂಬಹುದಲ್ಲವೆ? ಹಾಗಾಗಿ ಪೆರಾಕ್ಸಿಸೋಮಿಗೂ ತನಗೂ ಯಾವ ಸಂಬಂಧವೂ ಇಲ್ಲದ, ಬ್ಯಾಕ್ಟೀರಿಯಾದ ಒಂದು ಕಿಣ್ವವನ್ನು ಆಯ್ದು, ಅದರ ತುದಿಗೆ ಲೂಸಿಫರೇಸಿನ ಕೊನೆಯ 12 ಮಣಿಗಳನ್ನು ಅಂಟಿಸಿದರು. ಆ ಕಿಣ್ವವೂ ಪೆರಾಕ್ಸಿಸೋಮನ್ನು ಸೇರಿತು. 1989ರ ಹೊತ್ತಿಗೆ ವಿಳಾಸ ಇನ್ನಷ್ಟು ಚಿಕ್ಕದಾಯಿತು. ಸೆರೀನ್, ಲೈಸೀನ್, ಲ್ಯೂಸೀನ್ ಎಂಬ ಕೊನೆಯ ಮೂರೇ ಮೂರು ಮಣಿಗಳು ಸಾಕು! ಇವನ್ನು ಹೋಲುವ ಕೆಲವು ಬದಲಿ ಮಣಿಗಳೂ ನಡೆಯುತ್ತವೆ. ಆದರೆ ಅವು ಸರದ ಕಟ್ಟಕಡೆಯಲ್ಲೇ ಇರಬೇಕು.

ನಮ್ಮ ಅಂಚೆ ಇಲಾಖೆಯ ಪಿನ್‌ಕೋಡ್ ನೆನಪಿಸಿಕೊಳ್ಳಿ. ಆರು ಅಂಕಿಗಳಲ್ಲಿ ಕಾಗದವನ್ನು ಬಟವಾಡೆ ಮಾಡಬೇಕಾದ ಅಂಚೆ ಕಚೇರಿಯನ್ನು ಹೇಳುವುದು ಕೊನೆಯ ಮೂರು ಅಂಕಿಗಳು. ಜೀವಕೋಶದ ಪಿನ್‌ಕೋಡೂ ಕೊನೆಯ ಮೂರರಲ್ಲೇ ಇರುವುದು ಕಾಕತಾಳೀಯವಾದರೂ ನೆನಪಿಡಲು ಅನುಕೂಲ.

ಇದೇ ತಂಡವೂ ಇತರರೂ ಸೇರಿ 1990ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಯೀಸ್ಟ್, ಸಸ್ಯ, ಕೀಟ, ಸಸ್ತನಿ ಎಲ್ಲವೂ ಈ ಬರಹವನ್ನು ಓದಬಲ್ಲವು. ನೂರಾರು ಕೋಟಿ ವರ್ಷಗಳ ಹಿಂದೆ ಇವೆಲ್ಲಕ್ಕೂ ಪೂರ್ವಜನಾಗಿದ್ದ ಒಂದು ಕೋಶದ ಲಿಪಿ ಇನ್ನೂ ಬದಲಾಗದೆ ಉಳಿದಿದೆ. ಪ್ರೋಟೀನುಗಳು ತಮ್ಮ ವಿಳಾಸವನ್ನು ತಾವೇ ಹೊತ್ತಿರುತ್ತವೆಂಬ ಮೂಲ ವಿಚಾರವನ್ನು ಮಂಡಿಸಿ ಸಾಧಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಅತಿಯಾದರೆ ಮೋಸ

ವಿಜ್ಞಾನ ಓದುವ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಒಂದು ಎಚ್ಚರಿಕೆಯ ಮಾತಿದೆ. ಕಿಣ್ವವನ್ನು ಅತಿಯಾಗಿ ತಯಾರಿಸಿ ನೋಡುವ ಈ ವಿಧಾನ ಎಷ್ಟು ಉಪಯುಕ್ತವೋ ಅಷ್ಟೇ ಅಪಾಯದ್ದು.

ಹಳ್ಳಿಯ ಅಂಚೆ ಕಚೇರಿಗೆ ಒಂದೇ ದಿನ ಹತ್ತು ಸಾವಿರ ಕಾಗದ ಬಂದರೆ ಏನಾದೀತು? ಎಲ್ಲದರ ಮೇಲೂ ಸರಿಯಾದ ವಿಳಾಸವಿದ್ದರೂ ಪೋಸ್ಟ್‌ಮ್ಯಾನ್ ಒಬ್ಬನೇ. ಹಂಚಿ ಮುಗಿಯದ ಕಾಗದಗಳು ಜಗಲಿಯ ಮೇಲೆ ರಾಶಿ ಬೀಳುತ್ತವೆ. ಜೀವಕೋಶದಲ್ಲೂ ವಿಳಾಸ ಓದುವ ವಾಹಕ ಪ್ರೋಟೀನುಗಳ ಸಂಖ್ಯೆಗೆ ಮಿತಿಯಿದೆ. ಮಿತಿಮೀರಿ ತಯಾರಾದ ಕಿಣ್ವ ಕೋಶರಸದಲ್ಲೇ ಉಳಿದುಬಿಡುತ್ತದೆ. ಅದನ್ನು ನೋಡಿ ‘ಈ ಕಿಣ್ವದ ಮನೆ ಕೋಶರಸ’ ಎಂದು ಬರೆದರೆ ತಪ್ಪಾಗುತ್ತದೆ.

ಇನ್ನೊಂದು ಬಗೆಯ ಮೋಸವೂ ಉಂಟು. 1994ರ ನಂತರ ಅಂಬಲಿ ಮೀನಿನ ಹಸಿರು ಹೊಳಪಿನ ಪ್ರೋಟೀನನ್ನು ಬೇರೆ ಪ್ರೋಟೀನುಗಳಿಗೆ ದೀಪದಂತೆ ಅಂಟಿಸಿ ಅವುಗಳ ಜಾಡು ಹಿಡಿಯುವ ವಿಧಾನ ಬಳಕೆಗೆ ಬಂತು. ಪೆರಾಕ್ಸಿಸೋಮಿಗೆ ಹೋಗಬೇಕಾದ ಕಿಣ್ವದ ಬಾಲಕ್ಕೆ ಈ ದೀಪವನ್ನು ಅಂಟಿಸಿದರೆ ಕೊನೆಯ ಮೂರು ಮಣಿಗಳು ಕೊನೆಯವಾಗಿ ಉಳಿಯುವುದಿಲ್ಲ. ವಿಳಾಸದ ಮೇಲೆ ಅಂಚೆ ಚೀಟಿ ಅಂಟಿಸಿದಂತೆ! ಅಂಥ ಕಡೆ ದೀಪವನ್ನು ತಲೆಯ ಕಡೆಗೆ ಅಂಟಿಸಬೇಕು.

ಆದ್ದರಿಂದಲೇ ಒಳ್ಳೆಯ ವಿಜ್ಞಾನಿ ಒಂದೇ ಚಿತ್ರವನ್ನು ನಂಬುವುದಿಲ್ಲ. ಕಿಣ್ವವನ್ನು ಕಡಿಮೆ ಪ್ರಮಾಣದಲ್ಲೂ ತಯಾರಿಸಿ ನೋಡುತ್ತಾನೆ. ಅದು ಸಹಜವಾಗಿ ಇರುವ ಅಂಗದಲ್ಲೂ ಹುಡುಕುತ್ತಾನೆ. ಸ್ಯಾನ್ ಡಿಯಾಗೊದವರು ಹುಳದ ಬೆಳಕಿನ ಅಂಗವನ್ನೂ ಪರೀಕ್ಷಿಸಿದ್ದರ ಮಹತ್ವ ಇದೇ.

ವಿಳಾಸ ತಪ್ಪಿದ ಮಕ್ಕಳು

ಇಷ್ಟೆಲ್ಲ ಹುಳ, ಕೋತಿ, ಬಣ್ಣದ ಚುಕ್ಕೆಗಳ ಮಾತಾಯಿತು. ಇದರಿಂದ ಮನುಷ್ಯರಿಗೇನು ಎಂದು ತಂದೆತಾಯಿಗಳು ಕೇಳಿದರೆ ತಪ್ಪಲ್ಲ. ಉತ್ತರ ಮಕ್ಕಳ ಆಸ್ಪತ್ರೆಗಳಲ್ಲಿದೆ.

ಅಪರೂಪಕ್ಕೆ ಕೆಲವು ಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ಮೂತ್ರಪಿಂಡದಲ್ಲಿ ಕಲ್ಲಾಗುತ್ತದೆ. ತೆಗೆದರೂ ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಮೂತ್ರಪಿಂಡಗಳೇ ಕೆಲಸ ನಿಲ್ಲಿಸುತ್ತವೆ. ಪ್ರಾಥಮಿಕ ಹೈಪರಾಕ್ಸಲೂರಿಯಾ ಎಂಬ ಆನುವಂಶಿಕ ಕಾಯಿಲೆಯ ಮೊದಲನೆಯ ಬಗೆ ಇದು. ಕೆಡುವುದು ಮೂತ್ರಪಿಂಡವಾದರೂ ತಪ್ಪು ಇರುವುದು ಯಕೃತ್ತಿನಲ್ಲಿ. ಅಲ್ಲಿನ ಪೆರಾಕ್ಸಿಸೋಮುಗಳಲ್ಲಿ ಗ್ಲೈಆಕ್ಸಿಲೇಟ್ ಎಂಬ ಪದಾರ್ಥ ಹುಟ್ಟುತ್ತದೆ. ಎಜಿಟಿ ಎಂಬ ಕಿಣ್ವ ಅದನ್ನು ನಿರಪಾಯಕಾರಿಯಾದ ಗ್ಲೈಸೀನ್ ಆಗಿ ಬದಲಿಸಬೇಕು. ಬದಲಿಸದಿದ್ದರೆ ಅದು ಆಕ್ಸಲೇಟ್ ಆಗುತ್ತದೆ. ಆಕ್ಸಲೇಟು ರಕ್ತದ ಮೂಲಕ ಮೂತ್ರಪಿಂಡಕ್ಕೆ ಬಂದು, ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟುತ್ತದೆ.

ಈ ರೋಗಿಗಳಲ್ಲಿ ಎಜಿಟಿ ಕಿಣ್ವದ ಕೊರತೆಯಿದೆ ಎಂದು ಲಂಡನ್ನಿನ ಕ್ರಿಸ್ಟೋಫರ್ ಡ್ಯಾನ್‌ಪ್ಯೂರ್ ಮತ್ತು ಸಂಗಡಿಗರು 1986ರಲ್ಲಿ ಕಂಡುಹಿಡಿದರು. ಆದರೆ ಕೆಲವು ರೋಗಿಗಳ ಯಕೃತ್ತಿನಲ್ಲಿ ಕಿಣ್ವ ಇತ್ತು, ಕೆಲಸವನ್ನೂ ಮಾಡುತ್ತಿತ್ತು! ಹಾಗಾದರೆ ಕಾಯಿಲೆ ಏಕೆ ಬಂತು? 1989ರಲ್ಲಿ ಒಗಟು ಬಿಡಿಸಿತು. ಪೆರಾಕ್ಸಿಸೋಮಿನಲ್ಲಿರಬೇಕಾದ ಎಜಿಟಿ ಅವರಲ್ಲಿ ಮೈಟೊಕಾಂಡ್ರಿಯವನ್ನು ಸೇರಿಕೊಂಡಿತ್ತು. ಬೆಂಕಿ ಬಿದ್ದದ್ದು ಅಡುಗೆಮನೆಯಲ್ಲಿ, ನೀರಿನ ಕೊಡ ಇದ್ದದ್ದು ಹಿತ್ತಿಲಲ್ಲಿ. ಕೊಡ ತುಂಬಿದ್ದರೂ ಪ್ರಯೋಜನವೇನು?

ದಾರಿ ತಪ್ಪಿದ್ದು ಹೇಗೆಂಬುದೂ ತಿಳಿದಿದೆ. ಎಜಿಟಿ 392 ಮಣಿಗಳ ಸರ. ಅದರ 11ನೆಯ ಮಣಿ ಬದಲಾಗಿರುವವರು ಯೂರೋಪಿನಲ್ಲಿ ಅನೇಕರಿದ್ದಾರೆ. ಈ ಬದಲಾವಣೆಯಿಂದ ಸರದ ತಲೆಯಲ್ಲಿ ಮೈಟೊಕಾಂಡ್ರಿಯದ ದುರ್ಬಲ ವಿಳಾಸವೊಂದು ಮೂಡುತ್ತದೆ. ಅಷ್ಟರಿಂದಲೇ ಕಾಯಿಲೆ ಬರುವುದಿಲ್ಲ, ಏಕೆಂದರೆ ಮೈಟೊಕಾಂಡ್ರಿಯದ ಬಾಗಿಲು ಬಿಡಿಸಿದ ಸರವನ್ನಷ್ಟೇ ಒಳಗೆ ಬಿಡುತ್ತದೆ. ಎಜಿಟಿ ಬೇಗ ಮಡಚಿಕೊಂಡು ಜೋಡಿಯಾಗುವುದರಿಂದ ಅಲ್ಲಿ ನುಗ್ಗಲಾಗದು. ಜೊತೆಗೆ 170ನೆಯ ಮಣಿಯೂ ಬದಲಾದರೆ ಮಡಚಿಕೊಳ್ಳುವುದು ತಡವಾಗುತ್ತದೆ. ಆ ತಡದಲ್ಲಿ ಬಹುಪಾಲು ಕಿಣ್ವ ತಪ್ಪು ಬಾಗಿಲನ್ನು ಹೊಕ್ಕುಬಿಡುತ್ತದೆ.

ಇದಕ್ಕಿಂತ ಘೋರವಾದುದು ಜೆಲ್‌ವೆಗರ್ ಕಾಯಿಲೆ. ಇದರಲ್ಲಿ ಕಾಗದಗಳ ಮೇಲಿನ ವಿಳಾಸ ಸರಿಯಾಗಿಯೇ ಇರುತ್ತದೆ, ಬಟವಾಡೆಯ ವ್ಯವಸ್ಥೆಯೇ ಕೆಟ್ಟಿರುತ್ತದೆ. ಕಿಣ್ವಗಳು ಒಳಸೇರದೆ ಪೆರಾಕ್ಸಿಸೋಮುಗಳು ಖಾಲಿ ಚೀಲಗಳಾಗಿ ಉಳಿಯುತ್ತವೆ. ಮಿದುಳು, ಯಕೃತ್ತು, ಮೂತ್ರಪಿಂಡ ಮೂರೂ ಬಾಧೆಗೊಳಗಾಗುತ್ತವೆ. ಇದರ ತೀವ್ರ ರೂಪಕ್ಕೆ ಸಿಕ್ಕ ಬಹಳಷ್ಟು ಶಿಶುಗಳು ಒಂದು ವರ್ಷ ತುಂಬುವುದರೊಳಗೇ ತೀರಿಕೊಳ್ಳುತ್ತವೆ.

ತಿಳಿವಿನಿಂದ ಬಂದ ಚಿಕಿತ್ಸೆ

ಹೈಪರಾಕ್ಸಲೂರಿಯಾಕ್ಕೆ ಬಹುಕಾಲ ಇದ್ದ ದೊಡ್ಡ ಚಿಕಿತ್ಸೆಯೆಂದರೆ ಯಕೃತ್ತು ಮತ್ತು ಮೂತ್ರಪಿಂಡಗಳೆರಡನ್ನೂ ಬದಲಿಸುವ ಶಸ್ತ್ರಕ್ರಿಯೆ. ತಪ್ಪು ಎಲ್ಲಿದೆಯೆಂದು ತಿಳಿದ ಮೇಲೆ ಬೇರೆ ದಾರಿಗಳೂ ತೆರೆದವು. ಎಜಿಟಿ ಕೆಲಸ ಮಾಡಲು ಬಿ6 ಜೀವಸತ್ವ ಬೇಕು. 170ನೆಯ ಮಣಿ ಬದಲಾಗಿರುವ ರೋಗಿಗಳಲ್ಲಿ ಅನೇಕರಿಗೆ ವೈದ್ಯರು ಹೆಚ್ಚಿನ ಪ್ರಮಾಣದಲ್ಲಿ ಬಿ6 ಕೊಟ್ಟಾಗ ಆಕ್ಸಲೇಟ್ ಇಳಿಯುತ್ತದೆ. 2020ರಲ್ಲಿ ಯೂರೋಪ್ ಮತ್ತು ಅಮೆರಿಕಗಳಲ್ಲಿ ಲ್ಯುಮಾಸಿರಾನ್ ಎಂಬ ಔಷಧಿಗೆ ಒಪ್ಪಿಗೆ ದೊರೆಯಿತು. ಅದು ಗ್ಲೈಆಕ್ಸಿಲೇಟನ್ನು ಹುಟ್ಟಿಸುವ ಕಿಣ್ವದ ತಯಾರಿಕೆಯನ್ನೇ ತಗ್ಗಿಸುತ್ತದೆ.

ಎಲ್ಲ ಕಲ್ಲುಗಳೂ ಈ ಕಾಯಿಲೆಯ ಗುರುತಲ್ಲ. ದೊಡ್ಡವರಲ್ಲಿ ಕಾಣುವ ಕಲ್ಲುಗಳಿಗೆ ನೀರು ಕಡಿಮೆ ಕುಡಿಯುವುದೂ ಸೇರಿದಂತೆ ಸಾಮಾನ್ಯ ಕಾರಣಗಳೇ ಹೆಚ್ಚು. ಆದರೆ ಚಿಕ್ಕ ಮಗುವಿಗೆ ಕಲ್ಲಾದರೆ, ಅದೂ ಪದೇ ಪದೇ ಆದರೆ, ‘ನೀರು ಕುಡಿಸಿದರೆ ಸರಿಹೋಗುತ್ತೆ’ ಎಂದು ಕೂರಬಾರದು. ಮೂತ್ರದಲ್ಲಿನ ಆಕ್ಸಲೇಟ್ ಪ್ರಮಾಣವನ್ನು ಪರೀಕ್ಷಿಸಬೇಕೆ ಎಂದು ವೈದ್ಯರನ್ನು ಕೇಳಬೇಕು. ಕಾಯಿಲೆ ಖಚಿತವಾದರೆ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕಾಗುತ್ತದೆ.

ತಂದೆತಾಯಿ ಇಬ್ಬರಲ್ಲೂ ದೋಷವುಳ್ಳ ಜೀನ್‌ನ ಒಂದೊಂದು ಪ್ರತಿಯಿದ್ದು, ಎರಡೂ ಮಗುವಿಗೆ ಬಂದರಷ್ಟೇ ಈ ಕಾಯಿಲೆ. ಅಂಥ ದಂಪತಿಗಳ ಪ್ರತಿಯೊಂದು ಮಗುವಿಗೂ ಇದು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನಿಗೆ ಹೆಣ್ಣು ಕೊಡುವ, ಅತ್ತೆಯ ಮಗನನ್ನು ವರಿಸುವ ರೂಢಿ ಇರುವ ನಮ್ಮ ಸೀಮೆಯಲ್ಲಿ ಇದನ್ನು ನೆನಪಿಡುವುದು ಒಳ್ಳೆಯದು. ಹತ್ತಿರದ ನೆಂಟರಲ್ಲಿ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು.

ಕೋತಿಯ ಕೋಶದಲ್ಲಿ ಹುಳದ ಕಿಣ್ವ ಎಲ್ಲಿ ಕೂರುತ್ತದೆಂದು ನೋಡಲು ಹೊರಟವರ ತಲೆಯಲ್ಲಿ ಮಕ್ಕಳ ಮೂತ್ರಪಿಂಡದ ಕಲ್ಲು ಇರಲಿಲ್ಲ. ಮಕ್ಕಳ ಯಕೃತ್ತನ್ನು ಪರೀಕ್ಷಿಸುತ್ತಿದ್ದ ಲಂಡನ್ನಿನವರಿಗೆ ಮಿಂಚುಹುಳದ ಗೊಡವೆ ಇರಲಿಲ್ಲ. ಎರಡು ವರ್ಷಗಳ ಅಂತರದಲ್ಲಿ ಇಬ್ಬರೂ ಬಂದು ನಿಂತದ್ದು ಒಂದೇ ಚಿಕ್ಕ ಕೋಣೆಯ ಬಾಗಿಲಲ್ಲಿ. ಮುಂದಿನ ಮಳೆಗಾಲಕ್ಕೆ ಮುನ್ನ ಮಗು ಮಿಂಚುಹುಳವನ್ನು ತೋರಿಸಿ ‘ಬೆಳಕು ಎಲ್ಲಿಂದ ಬರುತ್ತೆ?’ ಎಂದು ಕೇಳಿದರೆ ಲೂಸಿಫರೇಸಿನ ಹೆಸರು ಹೇಳಿ. ‘ಅದು ಹುಳದೊಳಗೆ ಎಲ್ಲಿರುತ್ತೆ?’ ಎಂದು ಮರುಪ್ರಶ್ನೆ ಹಾಕಿದರೆ ಗದರಬೇಡಿ. ಈಗ ನಿಮಗೆ ಆ ಉತ್ತರವೂ ಗೊತ್ತು.